ಆಕಾಶದ ವಿದ್ಯುತ್ತಿಗೂ ನೆಲ ಬೇಕು

ಮಕ್ಕಳೇ, ಕರೆಂಟು ಹೋದರೆ ರಬಕವಿ-ಬನಹಟ್ಟಿಯಲ್ಲಿ ವಿದ್ಯುತ್ ಮಗ್ಗಗಳು ನಿಲ್ಲುತ್ತವೆ. ನೇಕಾರರ ದುಡಿಮೆಯೂ ನಿಲ್ಲುತ್ತದೆ. ಸೂರ್ಯನಿಂದ ವಿದ್ಯುತ್ ಪಡೆಯೋಣವೆಂದರೆ ರಾತ್ರಿ ಸೂರ್ಯನಿಲ್ಲ, ಮಳೆಗಾಲದಲ್ಲಿ ಮೋಡ ಅಡ್ಡ ಬರುತ್ತದೆ.

ಭೂಮಿಯಿಂದ ಸುಮಾರು 36,000 ಕಿ.ಮೀ. ಎತ್ತರದಲ್ಲಿ ಮೋಡಗಳಿಲ್ಲ, ಕತ್ತಲೆಯೂ ಬಲು ಅಪರೂಪ. ಅಲ್ಲಿ ಉಪಗ್ರಹದ ಮೇಲೆ ಸೌರಫಲಕ ಹರಡಿ, ದೊರೆತ ಶಕ್ತಿಯನ್ನು ಸೂಕ್ಷ್ಮ ತರಂಗಗಳಾಗಿ ಭೂಮಿಗೆ ಕಳುಹಿಸಬಹುದೆಂದು ವಿಜ್ಞಾನಿ ಪೀಟರ್ ಗ್ಲೇಸರ್ 1968ರಲ್ಲಿ ಸೂಚಿಸಿದರು. 2023ರಲ್ಲಿ ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯ ಉಪಕರಣವೊಂದು ಕಕ್ಷೆಯಿಂದ ಅತ್ಯಲ್ಪ ಶಕ್ತಿಯನ್ನು ಹೀಗೆ ಕಳುಹಿಸಿ ತೋರಿಸಿತು.

ಈ ಸಂಶೋಧನೆ ನಮ್ಮ ದೇಶದಲ್ಲೂ ನಡೆಯಬೇಕು. ಆದರೆ ಆ ತರಂಗಗಳನ್ನು ಹಿಡಿಯಲು ನೆಲದ ಮೇಲೆ ಭಾರಿ ಆಂಟೆನಾ ಜಾಲರಿ ಬೇಕು. 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ರೂಪಿಸಿದ 5,000 ಮೆಗಾವಾಟ್ ಯೋಜನೆಯಲ್ಲಿ ಜಾಲರಿಯ ಉದ್ದ ಸುಮಾರು 13 ಕಿ.ಮೀ., ಅಗಲ 10 ಕಿ.ಮೀ.!

ಆಲಮಟ್ಟಿ ಹಿನ್ನೀರಿಗೆ ಹೊಲ-ಮನೆ ಬಿಟ್ಟುಕೊಟ್ಟ ಬೀಳಗಿಯ ಹಿರಿಯರನ್ನು ಕೇಳಿ, ನೆಲದ ಬೆಲೆ ಹೇಳುತ್ತಾರೆ. ಆದ್ದರಿಂದ ಜಾಲರಿಯ ಕೆಳಗೂ ಬೆಳೆ ಬೆಳೆಯಬಹುದೇ ಎಂಬುದನ್ನು ಉಪಗ್ರಹ ಹಾರಿಸುವ ಮೊದಲೇ ಪರೀಕ್ಷಿಸಬೇಕು.

ಜಮಖಂಡಿ, ಮುಧೋಳ ತಾಲ್ಲೂಕುಗಳ ನಕ್ಷೆ ತೆಗೆಯಿರಿ. ಅಷ್ಟು ಜಾಗಕ್ಕೆ ಗೆರೆ ಎಳೆಯಿರಿ. ಒಳಗೆ ಎಷ್ಟು ಹಳ್ಳಿಗಳು ಬಂದವು? ಎಣಿಸಿ.