ಇಂಗ್ಲಿಷಿನ ದೀರ್ಘಸ್ವರಗಳೂ ನಮ್ಮ ಕಿವಿಯೂ

ಇಂಗ್ಲಿಷ್ ಪಾಠವನ್ನು ಎದ್ದುನಿಂತು ಗಟ್ಟಿಯಾಗಿ ಓದಿರೆಂದರೆ, ಹಳ್ಳಿಗಾಡಿನಿಂದ ಬಂದ ನಮ್ಮಂಥವರು ತಲೆ ತಗ್ಗಿಸುವುದು ಹೊಸತೇನಲ್ಲ. ಅರ್ಥ ತಿಳಿಯದೆ ಅಲ್ಲ. ಯಾವ ಸ್ವರವನ್ನು ಎಳೆಯಬೇಕು, ಯಾವುದನ್ನು ಮೊಟಕಿಸಬೇಕು ಎಂಬ ಅಂಜಿಕೆ. ಹಿಂದಿನ ಬೆಂಚಿನವರ ನಗೆಯಂತೂ ಇದ್ದೇ ಇದೆಯಷ್ಟೆ! ಇದಕ್ಕೆ ಮದ್ದು ನಮ್ಮ ಕನ್ನಡ ಲಿಪಿಯಲ್ಲಿಯೇ ಇದೆಯೆಂಬುದು ನನ್ನ ವಾದ.

ಇಂಗ್ಲಿಷಿನ ಕಾಗುಣಿತವನ್ನು ನಂಬಿ ಉಚ್ಚರಿಸಹೊರಟವನು ಕೆಟ್ಟಂತೆಯೇ. 'ನೇಮ್' ಎಂಬ ಪದದ ಕೊನೆಯ 'ಇ' ಅಕ್ಷರ ಮೂಕವೆಂದೂ, ಅದು ಹಿಂದಿನ ಸ್ವರವನ್ನು ದೀರ್ಘ ಮಾಡುವುದೆಂದೂ ನಮಗೆ ಕಲಿಸುತ್ತಾರೆ. ಒಂದು ಕಾಲಕ್ಕೆ ಅದು ಮೂಕವಾಗಿರಲಿಲ್ಲ. 1400ರಲ್ಲಿ ತೀರಿಕೊಂಡ ಚಾಸರ್ ಕವಿಯ ಕಾಲದಲ್ಲಿ ಆ ಪದಕ್ಕೆ ಎರಡು ಉಚ್ಚಾರಾಂಶಗಳು; ಹೆಚ್ಚುಕಡಿಮೆ ನಮ್ಮ 'ನಾಮ'ದಂತೆಯೇ ಕೇಳಿಸುತ್ತಿತ್ತು. (ಇವೆರಡೂ ಒಂದೇ ಮೂಲದ ಮಾತುಗಳೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ.) ಮುಂದಿನ ಎರಡು ಮೂರು ಶತಮಾನಗಳಲ್ಲಿ ಆ ನಾಡಿನವರ ಬಾಯಲ್ಲಿ ದೀರ್ಘಸ್ವರಗಳೆಲ್ಲ ಸ್ಥಳ ಬದಲಿಸಿದವು. 'ಟೀಮ' ಎಂದಿದ್ದದ್ದು 'ಟೈಮ್' ಆಯಿತು, 'ಮೋನ' 'ಮೂನ್' ಆಯಿತು. ಅಷ್ಟರಲ್ಲಿ, 1476ರಲ್ಲಿ, ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಅಚ್ಚಿನ ಯಂತ್ರವನ್ನು ತಂದಿದ್ದ. ಬರಹ ಹಳೆಯ ಜಾಡಿನಲ್ಲಿಯೇ ನಿಂತಿತು, ನಾಲಗೆ ಮುಂದೆ ನಡೆಯಿತು. ಆದಕಾರಣವೇ ಅವರು ಶಾಲೆಯಲ್ಲಿ 'ದೀರ್ಘ'ವೆನ್ನುವ 'ಟೈಮ್'ನ ಸ್ವರ ನಮ್ಮ ಲೆಕ್ಕದಲ್ಲಿ ದೀರ್ಘ 'ಈ' ಅಲ್ಲ, 'ಐ'.

ನಮಗಾದರೋ ಈ ತೊಡಕಿಲ್ಲ. ಕೊಡು-ಕೋಡು, ಎರಡು-ಏರು ಎಂದು ಎಳೆಯ ಮಗುವೂ ಭೇದವರಿತು ನುಡಿಯುತ್ತದೆ. ಹೀಗಿರುವಾಗ ಹಡಗು 'ಶಿಪ್', ಕುರಿ 'ಶೀಪ್' ಎಂದು ಕನ್ನಡದಲ್ಲಿ ಬರೆದು ತೋರಿಸಿದರೆ ಇನ್ನೇನು ಬೇಕು? 'ಫುಲ್' ಎನ್ನುವ ಕಡೆ 'ಫೂಲ್' ಎಂದು ಜಗಳಕ್ಕೆ ಕಾರಣವಾಗುವುದೂ ತಪ್ಪೀತು.

ನಮ್ಮ ಲಿಪಿ ಎಲ್ಲವನ್ನೂ ಹಿಡಿದಿಡಬಲ್ಲುದೆಂದು ನಾನು ಹೇಳುತ್ತಿಲ್ಲ. 'ಫೋಟೊಗ್ರಾಫ್' ಎಂಬಲ್ಲಿ ಒತ್ತು ಮೊದಲ ಉಚ್ಚಾರಾಂಶದ ಮೇಲೆ. 'ಫೊಟಾಗ್ರಫಿ' ಎಂದೊಡನೆ ಅದು ಎರಡನೆಯದಕ್ಕೆ ಜಿಗಿಯುತ್ತದೆ, ಮೊದಲಿನ 'ಓ' ಸೊರಗಿಹೋಗುತ್ತದೆ. ಅಂಥ ಕಡೆ ಅಕ್ಷರದ ಮೇಲೊಂದು ಗೆರೆ ಎಳೆದರೆ ಸಾಕು. ಇನ್ನು 'ಬಸ್ಸು', 'ಫಿಲಮು' ಎಂದು ನಾವು ಒಂದೆರಡು ಉಚ್ಚಾರಾಂಶಗಳನ್ನು ಸೇರಿಸಿಕೊಳ್ಳುವುದು ಕನ್ನಡದಲ್ಲಿ ಸೊಗಸೇ. ಇಂಗ್ಲಿಷಿನಲ್ಲಿ ಮಾತ್ರ ಆ ಬಾಲವನ್ನು ಬಿಡಬೇಕು.

ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಅಕ್ಷರವೆ ಎಂದು ಹುಬ್ಬೇರಿಸುವ ಹಿರಿಯರಿದ್ದಾರೆ. ಈ ಮಡಿ ಏತಕ್ಕೋ ನಾನರಿಯೆ. ಬರುವ ವರ್ಷ ಪ್ರಥಮ ಬಿ.ಎ. ತರಗತಿಯಲ್ಲಿ ಒಂದು ತಿಂಗಳ ಮಟ್ಟಿಗಾದರೂ ನಮ್ಮ ಅಧ್ಯಾಪಕರು ಹೊಸ ಪದ ಬಂದಾಗಲೆಲ್ಲ ಅದರ ಉಚ್ಚಾರಣೆಯನ್ನು ಕನ್ನಡದಲ್ಲಿ ಹಲಗೆಯ ಮೇಲೆ ಬರೆಯಲಿ. ಆಮೇಲೆ ಹಿಂದಿನ ಬೆಂಚಿನವರನ್ನೇ ಮೊದಲು ಎಬ್ಬಿಸಿ ಓದಿಸಲಿ.