ಒಳಲೆಯಿಂದ ಚಮಚಕ್ಕೆ

ಪುಣೆಗೋ ಗುರುಗ್ರಾಮಕ್ಕೋ ಮೊಮ್ಮಗುವನ್ನು ನೋಡಿಕೊಳ್ಳಲು ಹೊರಟ ಅಜ್ಜಿಯ ಬ್ಯಾಗಿನಲ್ಲಿ ಒಂದು ಸ್ಟೀಲ್ ಡಬ್ಬಿ ಇದ್ದೇ ಇರುತ್ತದೆ. ಅದರೊಳಗೆ ರಾಗಿ ಸರಿ ಹಿಟ್ಟು: ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು, ಬೀಸಿ, ವಸ್ತ್ರಗಾಳಿತ ಮಾಡಿದ್ದು. ಮಗುವಿನ ತಾಯಿಯ ಫೋನಿನಲ್ಲಿ ಮಕ್ಕಳ ಡಾಕ್ಟರು ಕೊಟ್ಟ ಒಂದು ಪುಟದ ಪಟ್ಟಿ ಇರುತ್ತದೆ. ಡಬ್ಬಿಗೂ ಪಟ್ಟಿಗೂ ಜಗಳ ಶುರುವಾಗುವುದು ಆರನೆಯ ತಿಂಗಳಲ್ಲಿ. ಹಾಲು ಎಷ್ಟು ಹೊತ್ತಿಗೆ, ಊಟ ಎಷ್ಟು ಹೊತ್ತಿಗೆ, ಯಾವ ಹಣ್ಣು ಮೊದಲು, ಬಾಳೆಹಣ್ಣು ಶೀತವೇ ಅಲ್ಲವೇ. ಈ ಜಗಳದಲ್ಲಿ ಇಬ್ಬರೂ ಮುಕ್ಕಾಲು ಪಾಲು ಸರಿಯಾಗಿಯೇ ಇರುತ್ತಾರೆ. ಮಗುವಿಗೆ ಏಟು ಬೀಳುವುದು ಯಾರೂ ಜಗಳವಾಡದ ಜಾಗದಲ್ಲಿ: ಗಂಜಿ ಎಷ್ಟು ಗಟ್ಟಿ ಇರಬೇಕು, ಕಬ್ಬಿಣದ ಅಂಶ ಎಲ್ಲಿಂದ ಬರಬೇಕು, ದಿನಕ್ಕೆ ಮೂರು ಸಲ ಕೂತು ಉಣಿಸುವವರು ಯಾರು.

ಮೊದಲು ಲೆಕ್ಕ ನೋಡೋಣ. ಆರು ತಿಂಗಳು ತುಂಬುವವರೆಗೆ ಎದೆಹಾಲೊಂದೇ ಸಾಕು, ನೀರೂ ಬೇಡ. ಆರರಿಂದ ಎಂಟು ತಿಂಗಳ ನಡುವೆ ಮಗುವಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಬೇಕು. ಎದೆಹಾಲು ಚೆನ್ನಾಗಿ ಕುಡಿಯುವ ಮಗುವಿಗೆ ಅದರಲ್ಲಿ 400ರಷ್ಟು ಹಾಲಿನಿಂದಲೇ ಸಿಗುತ್ತದೆ. ಊಟ ಕೊಡಬೇಕಾದದ್ದು 200. ಒಂಬತ್ತರಿಂದ ಹನ್ನೊಂದು ತಿಂಗಳಲ್ಲಿ ಊಟದ ಪಾಲು 300ಕ್ಕೆ ಏರುತ್ತದೆ, ವರ್ಷ ದಾಟಿದ ಮೇಲೆ 550ಕ್ಕೆ. ಇವು ವಿಶ್ವ ಆರೋಗ್ಯ ಸಂಸ್ಥೆ ಬಳಸುವ ಸರಾಸರಿಗಳು. ತಟ್ಟೆಯ ಲೆಕ್ಕದಲ್ಲಿ ಹೇಳುವುದಾದರೆ ಮೊದಲ ವಾರ ಎರಡು ಮೂರು ಚಮಚ, ಎಂಟನೆಯ ತಿಂಗಳ ಹೊತ್ತಿಗೆ ಅರ್ಧ ಬಟ್ಟಲು ದಿನಕ್ಕೆ ಎರಡು ಮೂರು ಸಲ, ಒಂಬತ್ತು ದಾಟಿದ ಮೇಲೆ ಮೂರು ನಾಲ್ಕು ಸಲ. ಬಟ್ಟಲೆಂದರೆ 250 ಎಂಎಲ್‌ನದು. ಮೊದಲ ವರ್ಷವಿಡೀ ಹಾಲು ಯಜಮಾನನೇ. ಊಟ ನಿಧಾನವಾಗಿ ಪಾಲುದಾರನಾಗುತ್ತ ಬರುತ್ತದೆ. ಎಂಟು ತಿಂಗಳವರೆಗೆ ಹಾಲು ಮೊದಲು, ಊಟ ಆಮೇಲೆ; ಒಂಬತ್ತರ ನಂತರ ಊಟ ಮೊದಲು, ಹಾಲು ಆಮೇಲೆ ಎಂದು ಅನೇಕ ಡಾಕ್ಟರುಗಳು ಹೇಳುವುದು ಇದೇ ಕಾರಣಕ್ಕೆ.

ಆದರೆ ಈ 200 ಕ್ಯಾಲೊರಿ ಮಗುವಿನ ಹೊಟ್ಟೆ ಸೇರುತ್ತಿದೆಯೇ? ಇಲ್ಲಿ ಒಳಲೆಯ ಮಾತು ಬರುತ್ತದೆ. ಕನ್ನಡ ಮನೆಗಳಲ್ಲಿ ಕೂಸಿಗೆ ಕುಡಿಸಲು ಬಳಸುತ್ತಿದ್ದ, ಮೂತಿಯಿರುವ ಆ ಪುಟ್ಟ ಬೆಳ್ಳಿಯ ಪಾತ್ರೆ ಬಹಳ ಚೆಂದದ್ದು, ಬಾಟಲಿಗಿಂತ ತೊಳೆಯಲು ಸಾವಿರ ಪಾಲು ಸುಲಭ. ಆದರೆ ಅದರಿಂದ ಹೊಯ್ಯಬೇಕಾದರೆ ಒಳಗಿರುವುದು ನೀರಾಗಿರಲೇಬೇಕು. ಪಾತ್ರೆಯೇ ಅಡುಗೆಯ ಹದವನ್ನು ತೀರ್ಮಾನಿಸಿಬಿಡುತ್ತದೆ. ಒಳಲೆ ಹೋಗಿ ಬಾಟಲಿ ಬಂದ ಮನೆಗಳಲ್ಲೂ ಕತೆ ಬದಲಾಗಿಲ್ಲ. ನಿಪ್ಪಲಿನ ತೂತನ್ನು ದೊಡ್ಡದು ಮಾಡಿ ರಾಗಿ ಗಂಜಿ ತುಂಬಿಸಿ ಕೊಡುವವರಿದ್ದಾರೆ. 10 ಗ್ರಾಂ ಹಿಟ್ಟನ್ನು, ಅಂದರೆ ಒಂದು ದೊಡ್ಡ ಚಮಚದಷ್ಟನ್ನು, 150 ಎಂಎಲ್ ನೀರಿನಲ್ಲಿ ಕಾಯಿಸಿದರೆ ಸಿಗುವುದು ಹೆಚ್ಚೆಂದರೆ 35 ಕ್ಯಾಲೊರಿ. ಅಷ್ಟೇ ಪ್ರಮಾಣದ ಎದೆಹಾಲಿನಲ್ಲಿ ಸುಮಾರು 100 ಇರುತ್ತದೆ. ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ತೂಕದ ಪ್ರತಿ ಕೆಜಿಗೆ 30 ಎಂಎಲ್‌ನಷ್ಟು. ಏಳೂವರೆ ಕೆಜಿಯ ಕೂಸಿಗೆ 225. ಆ ಸಣ್ಣ ಜಾಗವನ್ನು ತೆಳು ಗಂಜಿಯಿಂದ ತುಂಬಿಸಿದರೆ ಮಗು ಹಾಲೂ ಕಡಿಮೆ ಕುಡಿಯುತ್ತದೆ. ಊಟ ಶುರು ಮಾಡಿದ ಮೇಲೆ ತೂಕವೇ ಏರುತ್ತಿಲ್ಲ ಎಂದು ಗೊಣಗುವ ಮನೆಗಳಲ್ಲಿ ಎಷ್ಟೋ ಸಲ ನಡೆದಿರುವುದು ಇಷ್ಟೇ: ಹಾಲನ್ನು ತಳ್ಳಿ ಅದರ ಜಾಗದಲ್ಲಿ ಹಾಲಿಗಿಂತ ಬಡವಾದದ್ದನ್ನು ಕೂರಿಸಲಾಗಿದೆ.

ಬೇಳೆ ಕಟ್ಟಿನ ವಿಷಯದಲ್ಲಿ ಇದು ಇನ್ನೂ ಖಂಡಿತ. ಬೇಳೆಯ ಸತ್ವವೆಲ್ಲ ಕಟ್ಟಿಗೆ ಇಳಿದಿರುತ್ತದೆ ಎಂಬ ನಂಬಿಕೆಯಿಂದ ಮೇಲಿನ ತಿಳಿಯನ್ನು ಬಸಿದು ಮಗುವಿಗೆ ಕೊಡುತ್ತಾರೆ. ಸತ್ವ ಕೂತಿರುವುದು ತಳದ ಬೇಳೆಯಲ್ಲಿ. ಅದನ್ನು ದೊಡ್ಡವರು ಸಾರು ಮಾಡಿಕೊಂಡು ಉಣ್ಣುತ್ತಾರೆ. ಅನ್ನದ ತಿಳಿ, ಸೇಬಿನ ರಸ, ತರಕಾರಿ ಬೇಯಿಸಿದ ನೀರು ಎಲ್ಲ ಇದೇ ಸಾಲಿನವು. ಚಮಚವನ್ನು ಓರೆ ಮಾಡಿದರೆ ಗಂಜಿ ತೊಟ್ಟಿಕ್ಕದೆ ನಿಲ್ಲಬೇಕು ಎಂಬ ಹಳೆಯ ಪರೀಕ್ಷೆಗಿಂತ ಒಳ್ಳೆಯ ಅಳತೆ ಯಾವ ಆ್ಯಪಿನಲ್ಲೂ ಇಲ್ಲ.

ಗಟ್ಟಿ ಮಾಡಿದರೆ ರಾಗಿ ಅಂಟಾಗುತ್ತದೆ, ಮಗು ನುಂಗುವುದಿಲ್ಲ ಎಂದು ಅಜ್ಜಿಯರು ಹೇಳುವುದು ಸುಳ್ಳಲ್ಲ. ಪರಿಹಾರ ಅವರ ಡಬ್ಬಿಯಲ್ಲೇ ಇದೆ. ಮೊಳಕೆಯೊಡೆದ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಅದು ಪಿಷ್ಟವನ್ನು ಒಡೆಯುವುದರಿಂದ ಅದೇ ಹದದ ಗಂಜಿಗೆ ಹೆಚ್ಚು ಹಿಟ್ಟು ಹಾಕಬಹುದು. ಅಂಟು ಕಡಿಮೆ, ಕ್ಯಾಲೊರಿ ಹೆಚ್ಚು. ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ 1980ರ ದಶಕದ ಆರಂಭದಲ್ಲಿ ಮೊಳಕೆ ರಾಗಿಗೆ ಹೆಸರುಕಾಳನ್ನು ಸೇರಿಸಿ ಮಕ್ಕಳ ಆಹಾರ ರೂಪಿಸಿದ್ದು ಈ ಗುಣವನ್ನು ನೆಚ್ಚಿಕೊಂಡೇ. ಬರೋಡಾದಲ್ಲಿ ತಾರಾ ಗೋಪಾಲದಾಸ್ ಅವರ ತಂಡವೂ ಇದೇ ದಾರಿಯಲ್ಲಿ ಕೆಲಸ ಮಾಡಿತು. ಎರಡು ಎಚ್ಚರಿಕೆ ಸಾಕು. ಘಮ ಬರಲೆಂದು ಹಿಟ್ಟನ್ನು ಕಪ್ಪಾಗುವಂತೆ ಹುರಿದರೆ ಕಿಣ್ವ ಸಾಯುತ್ತದೆ. ಇನ್ನು ಮೊಳಕೆ ರಾಗಿಗೂ ಒಂದೇ ಚಮಚ ಹಿಟ್ಟಿನ ಹಳೆಯ ಅಳತೆ ಇಟ್ಟುಕೊಂಡರೆ ಗಂಜಿ ಮೊದಲಿಗಿಂತಲೂ ತೆಳ್ಳಗಾಗುತ್ತದೆ, ಅಷ್ಟೂ ಶ್ರಮ ನೀರು ಪಾಲು. ಇಳಿಸಿದ ಮೇಲೆ ಒಂದು ಟೀ ಚಮಚ ತುಪ್ಪವೋ ಎಣ್ಣೆಯೋ ಬಿದ್ದರೆ ಇನ್ನೂ 40 ಕ್ಯಾಲೊರಿ ಸೇರಿತು. ವರ್ಷ ತುಂಬುವವರೆಗೆ ಉಪ್ಪು ಸಕ್ಕರೆ ಬೇಡ, ಜೇನಂತೂ ಬೊಟುಲಿಸಂ ಭಯದಿಂದ ಬೇಡವೇ ಬೇಡ. ಬೆಲ್ಲವೂ ಸಕ್ಕರೆಯ ದಾಯಾದಿಯೇ; ಚಿಟಿಕೆ ಬೆಲ್ಲದಲ್ಲಿರುವ ಕಬ್ಬಿಣದಿಂದ ಏನೂ ಆಗದು.

ಕಬ್ಬಿಣ ಮಾತ್ರ ನಿಜಕ್ಕೂ ಆತಂಕದ ವಿಷಯ. ತುಂಬು ತಿಂಗಳಿಗೆ ಹುಟ್ಟಿದ ಮಗು ತಾಯಿಯ ಹೊಟ್ಟೆಯಿಂದಲೇ ಆರು ತಿಂಗಳಿಗಾಗುವಷ್ಟು ಕಬ್ಬಿಣದ ದಾಸ್ತಾನು ತರುತ್ತದೆ. ಬೇಗ ಹುಟ್ಟಿದವು, ತೂಕ ಕಡಿಮೆಯಿದ್ದವು ಅದಕ್ಕಿಂತ ಕಡಿಮೆ ತರುತ್ತವೆ. ಎದೆಹಾಲಿನಲ್ಲಿರುವ ಕಬ್ಬಿಣ ಚೆನ್ನಾಗಿ ಹೀರಿಕೆಯಾಗುತ್ತದೆ, ಆದರೆ ಇರುವುದೇ ಅತ್ಯಲ್ಪ. ದಾಸ್ತಾನು ಖಾಲಿಯಾಗುವ ಹೊತ್ತಿಗೇ ಮಿದುಳು ಭರದಿಂದ ಬೆಳೆಯುತ್ತಿರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67.1ರಷ್ಟು ಮಂದಿಗೆ ರಕ್ತಹೀನತೆ. ಬೆರಳು ಚುಚ್ಚಿ ತೆಗೆದ ರಕ್ತದಿಂದ ಅಳೆದ ಈ ಸಂಖ್ಯೆ ಉತ್ಪ್ರೇಕ್ಷೆ ಎನ್ನುವವರಿದ್ದಾರೆ. ಆಗಲಿ, ರಕ್ತನಾಳದಿಂದ ರಕ್ತ ತೆಗೆದು ಪರೀಕ್ಷಿಸಿದ 2016–18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲೂ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಅದು ಸುಮಾರು ಶೇ. 41 ಇತ್ತು.

ರಾಗಿಯ ಬಗ್ಗೆ ಕನ್ನಡಿಗರಿಗೆ ಇರುವ ಅಭಿಮಾನ ಇಲ್ಲಿ ಸ್ವಲ್ಪ ಅಡ್ಡ ಬರುತ್ತದೆ. ಸುಣ್ಣದ ಅಂಶದಲ್ಲಿ ರಾಗಿಯನ್ನು ಮೀರಿಸುವ ಧಾನ್ಯವಿಲ್ಲ. ಕಬ್ಬಿಣವೂ ಇದೆ, ಆದರೆ ಫೈಟೇಟ್ ಮತ್ತು ಟ್ಯಾನಿನ್‌ಗಳು ಅದನ್ನು ಹಿಡಿದಿಟ್ಟುಕೊಂಡಿರುತ್ತವೆ. ಮೊಳಕೆ ಬರಿಸಿದರೆ ಹಿಡಿತ ಸಡಿಲವಾಗುತ್ತದೆ, ಜೊತೆಗೆ ನಿಂಬೆ, ಟೊಮೆಟೊ, ಸೀಬೆಯಂಥ ಸಿ ಜೀವಸತ್ವದ ಪದಾರ್ಥವಿದ್ದರೆ ಇನ್ನಷ್ಟು. ಆದರೂ ಬರೀ ರಾಗಿ ಸರಿಯಿಂದ ಒಂದು ಮಗುವಿನ ಕಬ್ಬಿಣದ ಅಗತ್ಯ ಪೂರೈಸುತ್ತದೆ ಎನ್ನುವುದು ಕಷ್ಟ. ಮೊಟ್ಟೆ, ಮೀನು, ಮಾಂಸ ಈ ವಯಸ್ಸಿಗೆ ಹೇಳಿ ಮಾಡಿಸಿದ ಆಹಾರ. ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಗಸೂಚಿಯಲ್ಲಿ ಇವು ದಿನವೂ ಇರಲಿ ಎನ್ನುತ್ತದೆ. ವಿಚಿತ್ರವೆಂದರೆ ಮಾಂಸ ತಿನ್ನುವ ಮನೆಗಳೂ ಕೂಸಿಗೆ ಅದನ್ನು ಕೊಡುವುದಿಲ್ಲ. ಮನೆಯವರೆಲ್ಲ ಬಂಗುಡೆ ಸಾರು ಉಣ್ಣುತ್ತಿರುವಾಗ ಎಂಟು ತಿಂಗಳ ಮಗುವಿಗೆ ಅನ್ನದ ತಿಳಿ. ಜೀರ್ಣವಾಗುವುದಿಲ್ಲ ಎಂಬ ಭಯಕ್ಕೆ ಆಧಾರವಿಲ್ಲ. ಮುಳ್ಳು ತೆಗೆದು, ಖಾರ ಹಾಕದೆ ಬೇಯಿಸಿ ಕಿವುಚಿದ ಮೀನು ಈ ವಯಸ್ಸಿನ ಮಗುವಿಗೆ ಜೀರ್ಣವಾಗುತ್ತದೆ. ಸಸ್ಯಾಹಾರಿ ಮನೆಗಳಲ್ಲಿ ಬೇಳೆ, ಕಾಳು, ಸೊಪ್ಪಿನ ಜೊತೆಗೆ ಕಬ್ಬಿಣದ ಹನಿಗಳ ಬಗ್ಗೆ ಡಾಕ್ಟರನ್ನು ಕೇಳುವುದು ನಾಚಿಕೆಯ ವಿಷಯವಲ್ಲ. ಸರಕಾರದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮ ಆರು ತಿಂಗಳು ತುಂಬಿದ ಮಕ್ಕಳಿಗೆಲ್ಲ ವಾರಕ್ಕೆ ಎರಡು ಸಲ 20 ಮಿಲಿಗ್ರಾಂ ಕಬ್ಬಿಣವಿರುವ 1 ಎಂಎಲ್ ಸಿರಪ್ ಕೊಡಿ ಎನ್ನುತ್ತದೆ. ಮಲ ಕಪ್ಪಾಯಿತೆಂದು ಗಾಬರಿಯಾಗಿ ಎರಡನೆಯ ವಾರಕ್ಕೇ ಬಾಟಲಿಯನ್ನು ಮೂಲೆಗೆ ಸೇರಿಸುವುದೇ ಹೆಚ್ಚು.

ಇದಕ್ಕೆ ಪೂರ್ತಿ ಉಲ್ಟಾ ತಪ್ಪೂ ಒಂದಿದೆ, ಮತ್ತು ಅದು ದುಡ್ಡಿರುವ ಮನೆಗಳದು. ಹತ್ತು ತಿಂಗಳ ಮಗು ಊಟ ಮುಟ್ಟುವುದಿಲ್ಲ, ಪ್ಯಾಕೆಟ್ ಹಾಲನ್ನು ಮಾತ್ರ ಬಾಟಲಿಗಟ್ಟಲೆ ಕುಡಿಯುತ್ತದೆ. "ಹಾಲಾದರೂ ಹೋಗುತ್ತಿದೆಯಲ್ಲ" ಎಂಬ ಸಮಾಧಾನ. ಹಸು ಎಮ್ಮೆಯ ಹಾಲಿನಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ. ಅದರ ಸುಣ್ಣ ಮತ್ತು ಕೇಸೀನ್ ಬೇರೆ ಆಹಾರದ ಕಬ್ಬಿಣವನ್ನೂ ಹೀರಿಕೊಳ್ಳಲು ಬಿಡುವುದಿಲ್ಲ. ಕೆಲವು ಕೂಸುಗಳ ಕರುಳಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಒಸರುವುದೂ ಉಂಟು. ಮಗು ದುಂಡಗೆ ಬೆಳ್ಳಗೆ ಕಾಣುತ್ತದೆ, ನೆಂಟರು ಮೆಚ್ಚುತ್ತಾರೆ. ಆ ಬಿಳುಪು ರಕ್ತಹೀನತೆಯದಾಗಿರಬಹುದು. ವರ್ಷದೊಳಗೆ ಹಸುವಿನ ಹಾಲನ್ನು ಕುಡಿಯಲು ಕೊಡಬೇಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘ ಹೇಳುತ್ತದೆ. ಎದೆಹಾಲು ಇಲ್ಲದ ಆರು ತಿಂಗಳು ದಾಟಿದ ಮಗುವಿಗೆ ಫಾರ್ಮುಲಾ ಅಥವಾ ಹಸುವಿನ ಹಾಲು ಎರಡರಲ್ಲಿ ಯಾವುದೂ ಆಗಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎರಡನ್ನೂ ಜೊತೆಗಿಟ್ಟು ಓದಿದರೆ ಹೊರಡುವ ಅರ್ಥ: ಕಬ್ಬಿಣವನ್ನು ಬೇರೆ ಕಡೆಯಿಂದ ತುಂಬಿಸುವ ಏರ್ಪಾಡಿಲ್ಲದೆ ಹಸುವಿನ ಹಾಲಿನ ಮೇಲೆ ಭಾರ ಹಾಕಬಾರದು. ಗಂಜಿಗೆ ಸ್ವಲ್ಪ ಹಾಲು, ಊಟಕ್ಕೆ ಒಂದೆರಡು ಚಮಚ ಮೊಸರು ಬೇರೆ ಮಾತು.

ಡಬ್ಬಿಯ ರೆಡಿಮೇಡ್ ಸೀರಿಯಲ್ಲಿಗೂ ನ್ಯಾಯ ಸಲ್ಲಬೇಕು. ಅದರಲ್ಲಿ ಕಬ್ಬಿಣ ಬೆರೆಸಿರುತ್ತಾರೆ, ಅದು ದೊಡ್ಡ ಗುಣ. ಸಕ್ಕರೆಯೂ ಬೆರೆತಿದ್ದರೆ ಅದು ದೋಷ. ಲೇಬಲ್ ಓದಿ ಸಕ್ಕರೆ ಇಲ್ಲದ್ದನ್ನು ಆರಿಸಿದರೆ ಪ್ರಯಾಣದ ದಿನಕ್ಕೆ ಅದರಿಂದ ಏನೂ ಹಾನಿಯಿಲ್ಲ. ಎರಡು ವರ್ಷದೊಳಗಿನ ಮಕ್ಕಳ ಆಹಾರದ ಜಾಹೀರಾತನ್ನು 1992ರ ಕಾಯಿದೆ, 2003ರ ತಿದ್ದುಪಡಿಯ ನಂತರ, ಪೂರ್ತಿ ನಿಷೇಧಿಸಿದೆ ಎಂಬುದು ಇನ್‌ಸ್ಟಾಗ್ರಾಮಿನ ಅಮ್ಮಂದಿರಿಗೆ ಯಾರಾದರೂ ನೆನಪಿಸಿದರೆ ಒಳ್ಳೆಯದು.

ಶುರು ಮಾಡುವುದರಲ್ಲೇ ತಡವಾಗುವುದು ಇನ್ನೊಂದು. ಅದೇ 2019–21ರ ಸಮೀಕ್ಷೆಯಲ್ಲಿ ಆರರಿಂದ ಎಂಟು ತಿಂಗಳ ಮಕ್ಕಳಲ್ಲಿ ಎದೆಹಾಲಿನ ಜೊತೆ ಗಟ್ಟಿ ಅಥವಾ ಅರೆಗಟ್ಟಿ ಆಹಾರ ಸಿಗುತ್ತಿದ್ದದ್ದು ಶೇ. 45.9 ಮಂದಿಗೆ, ಆರರಿಂದ 23 ತಿಂಗಳವರಲ್ಲಿ ಸಾಕಷ್ಟು ಎನ್ನಬಹುದಾದ ಊಟ ಸಿಗುತ್ತಿದ್ದದ್ದು ಶೇ. 11.3 ಮಂದಿಗೆ. ಹೊರನಾಡ ಕನ್ನಡಿಗರ ಮನೆಗಳಲ್ಲಿ ಇದಕ್ಕೊಂದು ವಿಶೇಷ ಕಾರಣವೂ ಸೇರಿಕೊಳ್ಳುತ್ತದೆ. ಅನ್ನಪ್ರಾಶನ ಊರಿನಲ್ಲೇ ಆಗಬೇಕು. ಗಂಡಿಗೆ ಸಮ ತಿಂಗಳು, ಹೆಣ್ಣಿಗೆ ಬೆಸ ತಿಂಗಳು ಎಂಬ ರೂಢಿ, ಅದರ ಮೇಲೆ ಮುಹೂರ್ತ, ಅದರ ಮೇಲೆ ರೈಲಿನ ಟಿಕೆಟ್ಟು. ಆರಕ್ಕೆ ಆಗಬೇಕಾದದ್ದು ಎಂಟಕ್ಕೆ ಹೋಗುತ್ತದೆ. ಶಾಸ್ತ್ರ ಮಾಡುವ ದಿನ ಮಾಡಲಿ. ಅಲ್ಲಿಯವರೆಗೆ ರಾಗಿ ಸರಿಯನ್ನು ಅನ್ನವೆಂದು ಎಣಿಸದೆ ಕೊಟ್ಟರೆ ಯಾವ ಪುರೋಹಿತರೂ ಕೋಪಿಸಿಕೊಳ್ಳುವುದಿಲ್ಲ.

ಹಲ್ಲು ಬರಲೆಂದು ಕಾಯುವವರೂ ಇದ್ದಾರೆ. ಮೆತ್ತಗೆ ಬೆಂದದ್ದನ್ನು ಒಸಡೇ ಅಗಿಯುತ್ತದೆ. ಒಂಬತ್ತು ಹತ್ತನೆಯ ತಿಂಗಳವರೆಗೂ ಎಲ್ಲವನ್ನೂ ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಿದರೆ ಮಗು ಮುಂದೆ ಅಗುಳು ಕಂಡರೇ ಉಗಿಯುವ ಸಂಭವ ಹೆಚ್ಚು. ಓಕರಿಸಿದ ಮಾತ್ರಕ್ಕೆ ಉಸಿರುಗಟ್ಟಿತು ಎಂದಲ್ಲ. ನಿಜವಾದ ಅಪಾಯ ಇಡೀ ಕಡಲೆಕಾಯಿ ಬೀಜ, ಇಡೀ ದ್ರಾಕ್ಷಿಯಂಥವುಗಳಿಂದ.

ಇಷ್ಟನ್ನೆಲ್ಲ ಮಾಡುವವರು ಯಾರು? 2017ರ ತಿದ್ದುಪಡಿ ಹೆರಿಗೆ ರಜೆಯನ್ನು 12ರಿಂದ 26 ವಾರಕ್ಕೆ ಏರಿಸಿತು. ಒಳ್ಳೆಯ ಕಾನೂನು. ಆದರೆ 26 ವಾರವೆಂದರೆ ಆರು ತಿಂಗಳು. ಹೆರಿಗೆಗೆ ಮುಂಚೆಯೇ ನಾಲ್ಕು ವಾರ ತೆಗೆದುಕೊಂಡವಳು ಮಗುವಿಗೆ ಐದು ತಿಂಗಳಾಗುವಾಗ ಆಫೀಸಿನಲ್ಲಿರುತ್ತಾಳೆ. ಮೊದಲ ಚಮಚ ಬಾಯಿಗೆ ಹೋಗುವ ತಿಂಗಳಲ್ಲೇ ತಾಯಿ ಮನೆಯಿಂದ ಹೊರಗೆ. ಮನೆಗೆಲಸ, ಕಟ್ಟಡ ಕೆಲಸದ ಹೆಂಗಸರಿಗೆ ಅಷ್ಟೂ ಇಲ್ಲ. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ದಿನಕ್ಕೆ ನಾಲ್ಕು ಸಲ ತಾಯಿ ಅಲ್ಲಿಗೆ ಹೋಗಬಹುದು ಎಂದೂ ಅದೇ ತಿದ್ದುಪಡಿ ಹೇಳಿತು. ಅದು ಎಷ್ಟು ಆಫೀಸುಗಳಲ್ಲಿ ಕಾಗದದಾಚೆಗೆ ಬಂದಿದೆ ಎಂದು ಅಲ್ಲಿ ದುಡಿಯುವವರೇ ಹೇಳಬೇಕು. ಹಾಗಾಗಿ ಚಮಚ ಹಿಡಿಯುವುದು ಆರು ತಿಂಗಳಿಗೊಮ್ಮೆ ಬದಲಾಗುವ ಅಜ್ಜಿಯರು, ಭಾಷೆ ಬಾರದ ಆಯಾ, ಅಥವಾ ಹತ್ತು ಮಕ್ಕಳನ್ನು ಒಟ್ಟಿಗೆ ನೋಡುವ ಡೇ ಕೇರಿನವರು. ಅವರಿಗೆ ಬಾಟಲಿ ಬೇಗ ಮುಗಿಯುತ್ತದೆ, ಬಟ್ಟಲು ನಿಧಾನ. ತಂದೆಯ ಹೆಸರು ಈ ಪಟ್ಟಿಯಲ್ಲಿ ಬರುವುದೇ ಅಪರೂಪ. ಎದೆಹಾಲು ಕೊಡಲು ಅವನಿಂದಾಗದು, ಸರಿ. ಗಟ್ಟಿ ಗಂಜಿ ಉಣಿಸಲು ಏನು ಅಡ್ಡಿ?

ಲಸಿಕೆಯ ವೇಳಾಪಟ್ಟಿಯೂ ಇಲ್ಲಿ ಕೈಕೊಡುತ್ತದೆ. ಸರಕಾರಿ ಪಟ್ಟಿಯಲ್ಲಿ 14ನೆಯ ವಾರದ ನಂತರದ ಭೇಟಿ ಒಂಬತ್ತನೆಯ ತಿಂಗಳಿಗೆ, ದಡಾರ–ರುಬೆಲ್ಲಾ ಚುಚ್ಚುಮದ್ದಿಗೆ. ಊಟ ಶುರುವಾಗುವ ಆರನೆಯ ತಿಂಗಳಲ್ಲಿ ಮಗುವನ್ನು ಯಾರೂ ನೋಡುವುದಿಲ್ಲ. ಈ ಕಂದರ ತುಂಬಲೆಂದೇ ಆಶಾ ಕಾರ್ಯಕರ್ತೆಯರು ಮೂರು, ಆರು, ಒಂಬತ್ತನೆಯ ತಿಂಗಳಲ್ಲಿ ಮನೆಗೆ ಬರುವ ಯೋಜನೆ 2018ರಲ್ಲಿ ಶುರುವಾಯಿತು. ಥಾಣೆ, ನೊಯ್ಡಾದ ಅಪಾರ್ಟ್‌ಮೆಂಟುಗಳ ಹದಿನೇಳನೆಯ ಮಹಡಿಗೆ ಅದು ಹತ್ತುವುದು ಅನುಮಾನ. ಆರು ತಿಂಗಳು ತುಂಬಿದ ವಾರ ಚುಚ್ಚುಮದ್ದಿನ ನೆಪವಿಲ್ಲದೆಯೂ ಮಗುವನ್ನು ಡಾಕ್ಟರ ಬಳಿ ಒಯ್ಯಬೇಕು. ತಾಯಿಯೊಬ್ಬಳೇ ಹೋದರೆ ಸಾಲದು. ಹಗಲು ಉಣಿಸುವವರು ಯಾರೋ ಅವರೂ ಜೊತೆಗಿರಬೇಕು, ಅವರು ಮಾಡುವ ಗಂಜಿಯ ಡಬ್ಬಿಯೂ ಮೇಜಿನ ಮೇಲೆ ತೆರೆದುಕೊಳ್ಳಬೇಕು.