ಕೆರೆ ತುಂಬಿಸೋಣ, ಅಂಚನ್ನು ಬಿಡೋಣ

ಚಳಿಗಾಲದಲ್ಲಿ ಆಲಮಟ್ಟಿ ಹಿನ್ನೀರಿಗೆ ರಾಜಹಂಸಗಳು ಬಂದಿಳಿದವೆಂದರೆ ಪತ್ರಿಕೆಗಳಲ್ಲಿ ಅಚ್ಚಾಗುವುದು ನಸುಗೆಂಪು ರೆಕ್ಕೆಯ ದೊಡ್ಡ ಹಕ್ಕಿಗಳ ಚಿತ್ರ. ಅಂಥ ಹಿಂಡುಗಳಲ್ಲಿ ಬೂದು, ಕಂದು ಬಣ್ಣದ ತುಸು ಗಿಡ್ಡ ಹಕ್ಕಿಗಳೂ ಇರುತ್ತವೆ. ಅವು ಬೇರೆ ಜಾತಿಯವಲ್ಲ, ಇನ್ನೂ ಬೆಳೆಯುತ್ತಿರುವ ಮರಿಗಳು. ವಿಜಯಪುರ, ತಿಕೋಟಾ, ಬಬಲೇಶ್ವರ ಭಾಗದ ಕೆರೆಗಳನ್ನು ಎಲ್ಲಿ ಅಗೆಯಬೇಕು, ಎಷ್ಟು ತುಂಬಿಸಬೇಕು ಎಂದು ತೀರ್ಮಾನಿಸುವಾಗ ಈ ಬೂದು ಮರಿಗಳ ಪಾಲನ್ನೂ ಎತ್ತಿಡಬೇಕು ಎಂಬುದು ನನ್ನ ವಾದ.

ರಾಜಹಂಸ ನಮ್ಮಲ್ಲಿ ಗೂಡು ಕಟ್ಟುವುದಿಲ್ಲ. ಭಾರತದಲ್ಲಿ ಅದರ ದೊಡ್ಡ ಹೆರಿಗೆಮನೆ ಕಚ್ಛದ ಮಹಾರಣ. 1945ರಲ್ಲಿ ಅಲ್ಲಿಗೆ ಹೋದ ಪಕ್ಷಿಶಾಸ್ತ್ರಜ್ಞ ಸಲೀಂ ಅಲಿ ಸುಮಾರು 5 ಲಕ್ಷ ಹಕ್ಕಿಗಳಿರಬಹುದೆಂದು ಅಂದಾಜಿಸಿದ್ದರು. ಮಳೆ ಚೆನ್ನಾಗಿ ಬಿದ್ದು ಉಪ್ಪುಬಯಲಿನಲ್ಲಿ ನೀರು ನಿಂತ ವರ್ಷ ಮಾತ್ರ ಅಲ್ಲಿ ಮರಿಗಳಾಗುತ್ತವೆ. ಕೆಸರಿನ ದಿಬ್ಬದ ಮೇಲೆ ಜೋಡಿಗೆ ಸಾಮಾನ್ಯವಾಗಿ ಒಂದೇ ಮೊಟ್ಟೆ. ಹೊರಬಂದ ಮರಿಗೆ ನೇರ ಕೊಕ್ಕು, ಬೂದು ತುಪ್ಪಳ. ತಂದೆ ತಾಯಿ ಇಬ್ಬರೂ ತಮ್ಮ ಅನ್ನನಾಳದಲ್ಲಿ ಒಸರುವ ಕೆಂಪು ಹಾಲನ್ನು ಅದರ ಬಾಯಿಗೆ ಹನಿಸುತ್ತಾರೆ. ಕೆಲವು ದಿನಗಳಲ್ಲಿ ಮರಿಗಳೆಲ್ಲ ಒಟ್ಟುಗೂಡಿ ಕೆಲವೇ ಹಿರಿಯರ ಕಾವಲಿನಲ್ಲಿ ತಿರುಗತೊಡಗುತ್ತವೆ. ವಾರಗಳು ಕಳೆದಂತೆ ಕೊಕ್ಕು ಬಾಗುತ್ತದೆ, ತಲೆಕೆಳಗು ಮಾಡಿ ನೀರು ಸೋಸುವುದು ಆಗಲೇ ಸಾಧ್ಯ. ಎರಡೂವರೆ ಮೂರು ತಿಂಗಳಿಗೆ ರೆಕ್ಕೆ ಬಲಿಯುತ್ತದೆ. ಆದರೆ ಬೆಳವಣಿಗೆ ಅಲ್ಲಿಗೆ ಮುಗಿಯುವುದಿಲ್ಲ. ಪಾಚಿ, ಸಣ್ಣ ಸೀಗಡಿ, ಹುಳುಗಳಿಂದ ಮೈಗೆ ಬಣ್ಣ ಏರಲು ಮೂರು ನಾಲ್ಕು ವರ್ಷ ಬೇಕು. ತಾನೇ ಮೊಟ್ಟೆಯಿಡಲು ಸಾಮಾನ್ಯವಾಗಿ ಅದಕ್ಕಿಂತಲೂ ಹೆಚ್ಚು. ಆ ವರ್ಷಗಳನ್ನು ಹಕ್ಕಿ ಕಳೆಯುವುದು ಕಚ್ಛದಿಂದ ದೂರದ, ಮಹಾರಾಷ್ಟ್ರದ ಉಜನಿ ಜಲಾಶಯ, ನಮ್ಮ ಆಲಮಟ್ಟಿಯಂಥ ನೀರಿನಲ್ಲಿ. ಒಂದೇ ಮೊಟ್ಟೆಯಿಟ್ಟು, ಅದನ್ನೂ ಎಲ್ಲ ವರ್ಷ ಇಡದ ಹಕ್ಕಿಯ ವಂಶ ಉಳಿಯುವುದು ಹುಟ್ಟಿದ ಮರಿ ಬದುಕಿ ದೊಡ್ಡದಾದರೆ ಮಾತ್ರ. ‘ಇಲ್ಲಿ ಮರಿ ಮಾಡುವುದಿಲ್ಲವಲ್ಲ, ನಮಗೇಕೆ ಚಿಂತೆ’ ಎನ್ನುವವರಿಗೆ ನನ್ನ ಉತ್ತರ ಇದು: ಹುಟ್ಟಿಸುವ ಹೊಣೆ ರಣದ್ದಾದರೆ, ಬೆಳೆಸುವ ಹೊಣೆಯಲ್ಲಿ ಪಾಲು ನಮ್ಮದು.

ಆ ಮರಿಗೆ ಬೇಕಾದದ್ದು ಆಳದ ನೀರಲ್ಲ. ಕಾಲೂರಿ ನಿಂತು ಕೆಸರು ಕಲಕುವಷ್ಟು, ಮೊಣಕಾಲು ಮಟ್ಟದ ನೀರು. ಆಲಮಟ್ಟಿ ಮಳೆಗಾಲದಲ್ಲಿ ತುಂಬಿ, ಚಳಿಗಾಲದಿಂದ ಬೇಸಿಗೆಯವರೆಗೆ ಇಳಿಯುತ್ತ ಹೋಗುವುದರಿಂದ ದಂಡೆಯಲ್ಲಿ ಪ್ರತಿದಿನ ಹೊಸ ರಾಡಿ ತೆರೆದುಕೊಳ್ಳುತ್ತದೆ. ಹಕ್ಕಿ ಬರುವುದು ಅದಕ್ಕಾಗಿಯೇ. ಭೂತನಾಳ ಕೆರೆಯಾಗಲಿ, ಆದಿಲ್‌ಶಾಹಿ ಕಾಲದ ಮಮದಾಪುರದ ಕೆರೆಗಳಾಗಲಿ, ಒಡ್ಡಿನ ಕಡೆ ಆಳ, ನೀರು ಹರಿದು ಬರುವ ಕಡೆ ತೆಳುವು ಎಂಬ ಹಳೆಯ ಲೆಕ್ಕಕ್ಕೇ ಸೇರಿದವು. ಕೆರೆ ಅಭಿವೃದ್ಧಿ ಎಂದರೆ ಸುತ್ತಲೂ ಒಂದೇ ಆಳಕ್ಕೆ ಅಗೆದು, ಕಲ್ಲು ಜೋಡಿಸಿ, ವಾಕಿಂಗ್ ಪಾತ್ ಮಾಡಿ, ದೀಪ ಹಾಕುವುದು ಎಂದಾದರೆ ಆ ತೆಳು ಅಂಚು ಹೋಗುತ್ತದೆ. ಕಣ್ತುಂಬ ನೀರಿದ್ದೂ ರಾಜಹಂಸಕ್ಕೆ ಕಾಲೂರಲು ಜಾಗವಿಲ್ಲದ ಕೆರೆ ಅದು.

ಬರದ ಜಿಲ್ಲೆಯಲ್ಲಿ ಹಕ್ಕಿಗಾಗಿ ನೀರು ಬಿಟ್ಟುಕೊಡಿ ಎನ್ನುವುದು ಕ್ರೂರವಲ್ಲವೇ ಎಂಬ ಆಕ್ಷೇಪ ಗಟ್ಟಿಯಾದದ್ದು. ಟ್ಯಾಂಕರ್ ನೀರು ಹಾಕಿ ದ್ರಾಕ್ಷಿ ಬಳ್ಳಿ ಉಳಿಸಿಕೊಂಡ ತಿಕೋಟಾ ರೈತರ ಎದುರು ಹಗುರವಾಗಿ ಮಾತಾಡಲು ಯಾರಿಗೂ ಹಕ್ಕಿಲ್ಲ. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆ ಈ ಕಡೆ ಏರಿ ಬಂದದ್ದು ದೊಡ್ಡ ಕೆಲಸ. ಅದರ ಒಂದು ಹನಿಯನ್ನೂ ನಾನು ಕೇಳುತ್ತಿಲ್ಲ. ಕೆರೆಯ ಸಂಗ್ರಹದ ಬಹುಪಾಲು ಇರುವುದು ಒಡ್ಡಿನ ಬಳಿಯ ಆಳದಲ್ಲಿ. ಒಳಹರಿವಿನ ಕಡೆ ಒಂದಡಿ ನಿಲ್ಲುವ ನೀರು ಹಿಡಿದಿಡುವುದು ತೀರ ಕಡಿಮೆ, ಬಿಸಿಲಿಗೆ ಬೇಗ ಆರುವುದೂ ಅದೇ. ಹೊಲಕ್ಕೆ ಹೂಳು ಬೇಕಾದವರು ಒಡ್ಡಿನ ಕಡೆಯಿಂದಲೇ ತೆಗೆಯಲಿ, ಸಂಗ್ರಹವೂ ಹೆಚ್ಚುತ್ತದೆ. ಪಾದಚಾರಿ ಹಾದಿ ಒಡ್ಡಿನ ಮೇಲಿರಲಿ, ಎದುರು ದಂಡೆ ಕತ್ತಲಾಗಿಯೇ ಇರಲಿ. ಹಕ್ಕಿ ಬಂದರೆ ಪ್ರವಾಸೋದ್ಯಮವೂ ಬಂದೀತು ಎನ್ನುವವರು ಉಜನಿ ಹಿನ್ನೀರಿನ ಭಿಗವಣವನ್ನು ನೋಡಬಹುದು. ಅಲ್ಲಿನ ಮೀನುಗಾರರು ಪ್ರವಾಸಿಗರನ್ನು ದೋಣಿಯಲ್ಲಿ ಕರೆದೊಯ್ದು ಹಕ್ಕಿ ತೋರಿಸಿ ಸಂಪಾದಿಸುತ್ತಾರೆ. ಆದರೆ ಹಾರಿಸಿ ಚಿತ್ರ ತೆಗೆಯಲೆಂದು ದೋಣಿ, ಡ್ರೋನ್‌ಗಳನ್ನು ಹಿಂಡಿನ ಮೇಲೆ ನುಗ್ಗಿಸುವುದಕ್ಕೆ ಮೊದಲ ದಿನದಿಂದಲೇ ತಡೆ ಇರಬೇಕು. ಹೊಟ್ಟೆ ತುಂಬಿಸಿಕೊಳ್ಳುವ ಹೊತ್ತಿನಲ್ಲಿ ಮತ್ತೆ ಮತ್ತೆ ಎಬ್ಬಿಸಿದ ಮರಿ ಸೊರಗುತ್ತದೆ.

ಇನ್ನು ಆಲಮಟ್ಟಿ. ಅಣೆಕಟ್ಟೆಯ ನೀರಿನ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಲು ಕೃಷ್ಣಾ ಜಲವಿವಾದ ನ್ಯಾಯಾಧಿಕರಣ 2010ರಲ್ಲಿ ಒಪ್ಪಿದೆ. ಮಟ್ಟ ಏರಿದರೆ ದಂಡೆಯೂ ಸರಿಯುತ್ತದೆ, ಇಂದಿನ ರಾಡಿಯಂಚು ಎಷ್ಟೋ ತಿಂಗಳು ಆಳದಲ್ಲಿ ಮುಳುಗಿರುತ್ತದೆ. ಭೂಮಿ, ಮನೆ ಕಳೆದುಕೊಳ್ಳುವವರ ಪರಿಹಾರವೇ ಮೊದಲು, ಅದರಲ್ಲಿ ಎರಡು ಮಾತಿಲ್ಲ. ಜೊತೆಗೇ ಅರಣ್ಯ ಇಲಾಖೆ ಮತ್ತು ಕೃಷ್ಣಾ ಭಾಗ್ಯ ಜಲ ನಿಗಮ ಸೇರಿ, ಹೊಸ ಮಟ್ಟದಲ್ಲಿ ತೆಳುನೀರು ಎಲ್ಲೆಲ್ಲಿ ನಿಲ್ಲುತ್ತದೆ ಎಂದು ಈಗಲೇ ನಕ್ಷೆ ಮಾಡಿ, ಅಲ್ಲಿ ಮರಳು, ಮಣ್ಣು ಎತ್ತದಂತೆ ಗುರುತು ಹಾಕಬೇಕು.